ಅಮೆರಿಕನ್ನರನ್ನು ನೋಡಿ ನಗುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗಳ ಬಾಣಂತನಕ್ಕೆಂದು ಆರು ತಿಂಗಳಿಗೆ ಅಮೆರಿಕಕ್ಕೆ ಹೊರಟವರು, ಅಲ್ಲಿನ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮಕ್ಕೆ ಮೂರು ನಿಮಿಷದ ಹಾಸ್ಯ ಬರೆಯಲು ಒಪ್ಪಿಕೊಂಡು ಈಗ ಪರದಾಡುತ್ತಿರುವವರು, ಜೋಕು ಫಾರ್ವರ್ಡ್ ಮಾಡುವ ಮೊದಲು ‘ಇದು ನಿಜವಾ?’ ಅಂತ ಯೋಚಿಸುವವರು (ಇವರ ಸಂಖ್ಯೆ ಕಡಿಮೆ) ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

‘ಹೌ ಆರ್ ಯು?’ ಅಂತ ಕೇಳಿ, ಉತ್ತರ ಹೇಳುವಷ್ಟರಲ್ಲಿ ಹೊರಟೇ ಹೋಗುತ್ತಾರಲ್ಲ, ಇದೆಂಥ ಜನ?

ನಮ್ಮಲ್ಲಿ ‘ಊಟ ಆಯ್ತಾ?’ ಅನ್ನುವ ಜನವೇ. ಸಂಜೆ ನಾಲ್ಕಕ್ಕೆ ದಾರಿಯಲ್ಲಿ ಸಿಕ್ಕ ಪರಿಚಯದವರು ‘ಊಟ ಆಯ್ತಾ?’ ಅಂದರೆ ‘ಇಲ್ಲ, ಬೆಳಗಿನಿಂದ ಏನೂ ತಿಂದಿಲ್ಲ, ಅಸಿಡಿಟಿ’ ಅಂತ ಯಾರೂ ಶುರು ಹಚ್ಚುವುದಿಲ್ಲ. ‘ಆಯ್ತು, ನಿಮ್ದು?’ ಅಂದು ಮುಂದಕ್ಕೆ ಹೋಗುತ್ತಾರೆ. ಅಲ್ಲಿಯೂ ಲೆಕ್ಕ ಅಷ್ಟೇ: ‘ಗುಡ್, ಹೌ ಆರ್ ಯು?’ ಎರಡು ಸೆಕೆಂಡಿನ ಕೆಲಸ, ನಿಲ್ಲಬೇಕಾಗಿಲ್ಲ. ಮೊಣಕಾಲು ನೋವಿನ ವಿವರಕ್ಕೆ ಇಳಿದರೆ ಎದುರಿನವರು ಕದಲುವುದಿಲ್ಲ, ಆದರೆ ಮುಖದ ಮೇಲಿನ ನಗು ಅಲ್ಲೇ ಹೆಪ್ಪುಗಟ್ಟುತ್ತದೆ. ಡಾಕ್ಟರು ಕೇಳಿದಾಗ ಮಾತ್ರ ನಿಜ ಹೇಳಿ. ಅಲ್ಲಿಯೂ ಅಭ್ಯಾಸಬಲದಿಂದ ಮೊದಲು ‘ಗುಡ್’ ಅಂದುಬಿಟ್ಟು ಆಮೇಲೆ ಎದೆನೋವು ಅನ್ನುವವರಿದ್ದಾರೆ.

ಹಾಗಾದರೆ ಅವರ ಮಾತೆಲ್ಲ ಬರೀ ಉಪಚಾರವೇ? ‘ಮನೆಗೆ ಬನ್ನಿ’ ಅಂದದ್ದನ್ನು ನಂಬಬಹುದಾ?

ತಾರೀಖು, ಹೊತ್ತು, ಜಾಗ ಮೂರೂ ಇದ್ದರೆ ನಂಬಿ. ‘ವಿ ಶುಡ್ ಗೆಟ್ ಟುಗೆದರ್ ಸಮ್‌ಟೈಮ್’ ಎಂಬುದರಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ನಮ್ಮ ‘ಬನ್ನಿ ಒಂದ್ಸಲ ಈ ಕಡೆ’ ಎಷ್ಟು ಗಟ್ಟಿಯೋ ಅದೂ ಅಷ್ಟೇ ಗಟ್ಟಿ. ‘ಶನಿವಾರ ಆರು ಗಂಟೆಗೆ ನಮ್ಮನೇಲಿ’ ಅಂದರೆ ಮಾತ್ರ ಅದು ಕರೆಯೋಲೆ. ಆಗ ‘ಏನು ತರಲಿ?’ ಎಂದು ಕೇಳಬೇಕು. ‘ಏನೂ ಬೇಡ’ ಅಂದರೂ ಏನಾದರೂ ಹಿಡಿದುಕೊಂಡೇ ಹೋಗಬೇಕು, ಬರಿಗೈಯಲ್ಲಿ ಹೋಗಬಾರದೆಂಬ ನಮ್ಮಜ್ಜಿಯ ಕಾಯಿದೆ ಅಲ್ಲಿಯೂ ಜಾರಿಯಲ್ಲಿದೆ. ಆರಕ್ಕೆ ಕರೆದಿದ್ದರೆ ಆರೂ ಐದಕ್ಕೆ ಹೋಗಿ. ಐದೂ ಮುಕ್ಕಾಲಿಗೆ ಹೋದರೆ ಮನೆಯವರು ಇನ್ನೂ ಸ್ನಾನದಲ್ಲಿರುತ್ತಾರೆ, ಏಳಕ್ಕೆ ಹೋದರೆ ಊಟ ಆರಿರುತ್ತದೆ.

ಇನ್ನು ಕೆಲವು ಮಾತುಗಳ ಒಳಾರ್ಥ. ಆಫೀಸಿನಲ್ಲಿ ‘ಇಂಟರೆಸ್ಟಿಂಗ್’ ಅಂದರೆ ‘ಒಪ್ಪಿಗೆ ಇಲ್ಲ’. ‘ಲೆಟ್ ಮಿ ಥಿಂಕ್ ಅಬೌಟ್ ಇಟ್’ ಅಂದರೆ ನಮ್ಮ ‘ನೋಡೋಣ’. ಫೋನಿನಲ್ಲಿ ‘ಐ ವಿಲ್ ಲೆಟ್ ಯು ಗೋ’ ಅಂದರೆ ಬಿಡಿಸಿಕೊಳ್ಳಬೇಕಾಗಿರುವುದು ಅವರಿಗೆ, ನಿಮಗಲ್ಲ. ದಕ್ಷಿಣದ ರಾಜ್ಯಗಳಲ್ಲಿ ‘ಬ್ಲೆಸ್ ಯುವರ್ ಹಾರ್ಟ್’ ಅಂದರೆ ಕೆಲವೊಮ್ಮೆ ನಿಜವಾದ ಕನಿಕರ, ಹಲವು ಸಲ ‘ಪಾಪ, ತಲೇಲಿ ಏನೂ ಇಲ್ಲ’. ದನಿ ನೋಡಿ ತಿಳಿಯಬೇಕು. ನಮ್ಮ ‘ಒಳ್ಳೇ ಜನ ಬಿಡಿ’ ಎಂಬ ಮಾತು ಕೂಡ ಹೀಗೇ ಎರಡಲಗಿನದು.

ಟಿಪ್ಸ್ ವಿಚಾರ ನಗೆಪಾಟಲು ಅನ್ನಿಸುತ್ತೆ. ಊಟದ ದುಡ್ಡು ಕೊಟ್ಟ ಮೇಲೆ ಮತ್ತೆ ಯಾಕೆ ಐದನೇ ಒಂದು ಪಾಲು?

ಇಲ್ಲಿ ಸ್ವಲ್ಪ ನಿಧಾನಿಸಿ. ಅಮೆರಿಕನ್ನರ ‘ಸ್ವಭಾವ’ ಎಂದು ನಾವು ನಗುವ ಅರ್ಧಕ್ಕರ್ಧ ಸಂಗತಿಗಳ ಕೆಳಗೆ ಒಂದು ಕಾನೂನೋ ಒಂದು ದರಪಟ್ಟಿಯೋ ಕೂತಿರುತ್ತದೆ, ಟಿಪ್ಸ್ ಅದಕ್ಕೆ ಒಳ್ಳೆಯ ಮಾದರಿ.

ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಬದಲಾಗಿಲ್ಲ. ಆದರೆ ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಮೊತ್ತ ಗಂಟೆಗೆ 2.13 ಡಾಲರ್. ಇದು 1991ರಿಂದ ಹಾಗೇ ಇದೆ. ಟಿಪ್ಸ್ ಸೇರಿಸಿದರೂ 7.25 ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕ ತುಂಬಿಕೊಡಬೇಕು ಎಂದು ನಿಯಮ. ಅನೇಕ ರಾಜ್ಯಗಳು ಇದಕ್ಕಿಂತ ಹೆಚ್ಚು ನಿಗದಿ ಮಾಡಿವೆ. ಕ್ಯಾಲಿಫೋರ್ನಿಯ, ವಾಷಿಂಗ್ಟನ್, ಆರೆಗನ್‌ನಂಥ ಕಡೆ ಟಿಪ್ಸ್ ಬೇರೆ, ಕೂಲಿ ಬೇರೆ, ಪೂರ್ತಿ ಕೊಡಲೇಬೇಕು. ಉಳಿದೆಡೆ ನೀವು ಬಿಡುವ ಟಿಪ್ಸೇ ಅವರ ಸಂಬಳ. ಬಡಿಸುವವರ ಮುಖದ ಮೇಲಿನ ಆ ನಗು ಅರ್ಧ ಸ್ವಭಾವದ್ದು, ಅರ್ಧ ಸಂಬಳದ್ದು.

ಇದೇ ದೇಶದಲ್ಲಿ ಒಂದು ಕಾಲಕ್ಕೆ ಟಿಪ್ಸ್ ಕೊಡುವುದು ಜೀತಗಾರಿಕೆಯ ವಾಸನೆ, ಯುರೋಪಿನ ದೊರೆಗಳ ಚಾಳಿ ಎಂದು ಬಯ್ಯುತ್ತಿದ್ದರು. 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನು ನಿಷೇಧಿಸಿತು, ಇನ್ನೂ ಕೆಲವು ರಾಜ್ಯಗಳು ಹಿಂದೆಯೇ ಬಂದವು. 1926ರ ಹೊತ್ತಿಗೆ ಎಲ್ಲ ನಿಷೇಧಗಳೂ ರದ್ದಾಗಿದ್ದವು. ಈಗ ಯುರೋಪಿನವರು ಬಂದು ಅಮೆರಿಕದ ಟಿಪ್ಸ್ ನೋಡಿ ನಗುತ್ತಾರೆ!

ಲೆಕ್ಕ ಹೀಗೆ. ಕೂತು ಉಣ್ಣುವ ಹೋಟೆಲಿನಲ್ಲಿ ತೆರಿಗೆಗೆ ಮುಂಚಿನ ಮೊತ್ತದ ಮೇಲೆ 18ರಿಂದ 20 ಶೇಕಡಾ. ನ್ಯೂಯಾರ್ಕ್ ನಗರದಲ್ಲಾದರೆ ಬಿಲ್ಲಿನಲ್ಲಿ ತೆರಿಗೆ ಎಷ್ಟಿದೆ ನೋಡಿ, ಅದನ್ನು ದುಪ್ಪಟ್ಟು ಮಾಡಿ. ಅಲ್ಲಿ ತೆರಿಗೆ 8.875 ಶೇಕಡಾ, ದುಪ್ಪಟ್ಟು ಮಾಡಿದರೆ ಹತ್ತಿರ ಹತ್ತಿರ 18. ಆರೆಗನ್‌ನಲ್ಲಿ ಈ ಉಪಾಯ ಮಾಡಬೇಡಿ. ಅಲ್ಲಿ ಮಾರಾಟ ತೆರಿಗೆಯೇ ಇಲ್ಲ, ಸೊನ್ನೆಯ ದುಪ್ಪಟ್ಟು ಸೊನ್ನೆ. ಏಳೆಂಟು ಜನ ಒಟ್ಟಿಗೆ ಹೋದರೆ ‘ಗ್ರಾಚ್ಯುಟಿ’ (ಟಿಪ್ಸಿಗೇ ಇನ್ನೊಂದು ಹೆಸರು) ಎಂದು ಮೊದಲೇ ಸೇರಿಸಿರಬಹುದು. ನೋಡದೆ ಇನ್ನೊಮ್ಮೆ ಕೊಡುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು. ಕೌಂಟರಿನಲ್ಲಿ ಕಾಫಿ ಇಸಕೊಂಡಾಗ ಪರದೆಯನ್ನು ನಿಮ್ಮ ಕಡೆ ತಿರುಗಿಸಿ 18, 20, 25 ಎಂದು ತೋರಿಸುತ್ತಾರೆ. ಅಲ್ಲಿ ‘ನೋ ಟಿಪ್’ ಒತ್ತಿದರೆ ಆಕಾಶ ಬೀಳುವುದಿಲ್ಲ. ಆ ಗುಂಡಿಯ ಮುಂದೆ ಅಮೆರಿಕನ್ನರ ಬೆರಳೂ ನಡುಗುತ್ತದೆ.

ಡಾಲರ್ ಅಂಗಡಿಯಲ್ಲಿ ಬೆಲೆ ಚೀಟಿ ಒಂದು, ಕೌಂಟರಿನಲ್ಲಿ ಇನ್ನೊಂದು. ಮೋಸವಾ?

ಅಲ್ಲ. ನಮ್ಮ ಎಂಆರ್‌ಪಿಯಲ್ಲಿ ತೆರಿಗೆ ಒಳಗೇ ಇರುತ್ತದೆ. ಅಲ್ಲಿ ರಾಜ್ಯ, ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ), ನಗರ ಮೂವರೂ ತಮ್ಮ ತಮ್ಮ ಪಾಲು ಹಾಕಬಹುದು, ರಸ್ತೆ ದಾಟಿದರೆ ದರ ಬದಲಾಗಬಹುದು. ಹಾಗಾಗಿ ಚೀಟಿಯಲ್ಲಿ ಹಾಕುವುದಿಲ್ಲ. ಡೆಲವೇರ್, ಮೊಂಟಾನ, ನ್ಯೂ ಹ್ಯಾಂಪ್‌ಶೈರ್, ಆರೆಗನ್‌ನಲ್ಲಿ ರಾಜ್ಯ ಮಾರಾಟ ತೆರಿಗೆ ಇಲ್ಲ. ಲ್ಯಾಪ್‌ಟಾಪ್ ಕೊಳ್ಳುವವರಿಗೆ ಈ ನಾಲ್ಕು ಹೆಸರು ಬಾಯಿಪಾಠ.

ಮೈಲಿ, ಪೌಂಡ್, ಫ್ಯಾರನ್‌ಹೀಟ್! ಚಂದ್ರನ ಮೇಲೆ ಹೋದವರಿಗೆ ಮೆಟ್ರಿಕ್ ಬರುವುದಿಲ್ಲವಾ?

ಈ ಜೋಕು ಹೇಳುವವರಲ್ಲಿ ನೂರಕ್ಕೆ ನೂರು ಮಂದಿ ಬೆಂಗಳೂರಿನಲ್ಲಿ ‘ಥರ್ಟಿ ಫಾರ್ಟಿ ಸೈಟು’ ಹುಡುಕಿದವರು, ಮಗುವಿಗೆ ಜ್ವರ ‘ನೂರಾ ಎರಡು’ ಅಂದವರು, ಗಂಡಿನ ಎತ್ತರ ‘ಐದೂ ಎಂಟು’ ಅಂತ ಬರೆಸಿದವರು. ನಮ್ಮಲ್ಲಿ 1956ರ ಕಾನೂನು ಬಂದು ಸೇರು ಪಾವು ಹೋಗಿ ಕೆ.ಜಿ. ಬಂತು. ಆದರೆ ಹೊಲ ಇವತ್ತಿಗೂ ಎಕರೆ ಗುಂಟೆಯಲ್ಲೇ ಇದೆ, 40 ಗುಂಟೆಗೆ ಒಂದು ಎಕರೆ. ಆದ್ದರಿಂದ ಸ್ವಲ್ಪ ತಗ್ಗಿದ ದನಿಯಲ್ಲಿ ನಗುವುದು ಒಳ್ಳೆಯದು.

ಅಲ್ಲಿನ ಕತೆ ಹೀಗಿದೆ. 1866ರಲ್ಲೇ ಮೆಟ್ರಿಕ್ ಬಳಕೆ ಕಾನೂನುಬದ್ಧವಾಯಿತು. 1893ರಿಂದ ಅವರ ಗಜ ಮತ್ತು ಪೌಂಡುಗಳನ್ನು ಮೀಟರ್ ಮತ್ತು ಕಿಲೋಗ್ರಾಂ ಮೂಲಕವೇ ವ್ಯಾಖ್ಯಾನಿಸಲಾಗಿದೆ. 1959ರಿಂದ ಒಂದು ಇಂಚು ಅಂದರೆ ಕರಾರುವಾಕ್ಕಾಗಿ 2.54 ಸೆಂಟಿಮೀಟರ್. ಅಂದರೆ ಒಳಗೆ ಮೀಟರು, ಮೇಲೆ ಇಂಚಿನ ಅಂಗಿ. 1975ರಲ್ಲಿ ಪೂರ್ತಿ ಬದಲಾಗೋಣವೆಂದು ಕಾನೂನು ಮಾಡಿದರು, ಆದರೆ ‘ಇಷ್ಟವಿದ್ದವರು’ ಎಂದು ಸೇರಿಸಿದರು. ಇಷ್ಟವಿದ್ದವರು ಹೆಚ್ಚು ಸಿಗಲಿಲ್ಲ. ಆ ಉತ್ಸಾಹದ ಪಳೆಯುಳಿಕೆಯಾಗಿ ಅರಿಜೋನದಲ್ಲಿ ಟೂಸಾನ್‌ನಿಂದ ನೊಗಾಲೆಸ್‌ಗೆ ಹೋಗುವ 19ನೇ ಇಂಟರ್‌ಸ್ಟೇಟ್ ಹೆದ್ದಾರಿಯಲ್ಲಿ ದೂರದ ಫಲಕಗಳು ಕಿಲೋಮೀಟರಿನಲ್ಲಿವೆ. ವೇಗದ ಮಿತಿ ಮಾತ್ರ ಮೈಲಿಯಲ್ಲಿ. ಸೋಡಾ ಬಾಟಲಿ ಎರಡು ಲೀಟರು, ಹಾಲು ಗ್ಯಾಲನ್ನು.

ಈ ಎಡವಟ್ಟಿನ ದುಬಾರಿ ಬಿಲ್ಲು ಬಂದದ್ದು 1999ರ ಸೆಪ್ಟೆಂಬರಿನಲ್ಲಿ. ಮಂಗಳನ ಸುತ್ತ ಸುತ್ತಬೇಕಿದ್ದ ‘ಮಾರ್ಸ್ ಕ್ಲೈಮೇಟ್ ಆರ್ಬಿಟರ್’ ನೌಕೆ ಕಳೆದುಹೋಯಿತು. ಭೂಮಿಯ ಮೇಲಿದ್ದ ಒಂದು ತಂತ್ರಾಂಶ ನೂಕುಬಲವನ್ನು ಪೌಂಡಿನ ಲೆಕ್ಕದಲ್ಲಿ ಕೊಡುತ್ತಿತ್ತು, ಇನ್ನೊಂದು ಅದನ್ನು ನ್ಯೂಟನ್ ಎಂದು ಓದಿಕೊಳ್ಳುತ್ತಿತ್ತು. ವ್ಯತ್ಯಾಸ ಸುಮಾರು ನಾಲ್ಕೂವರೆ ಪಟ್ಟು. ಈ ಜೋಕು ಯಾವ ವೇದಿಕೆಯಲ್ಲೂ ನಡೆಯುತ್ತದೆ, ಯಾಕೆಂದರೆ ಕಟ್ಟಿ ಹೇಳಬೇಕಾದ್ದು ಏನೂ ಇಲ್ಲ.

ದಿನಬಳಕೆಗೆ ಅಡ್ಡದಾರಿ: ಫ್ಯಾರನ್‌ಹೀಟಿನಿಂದ 30 ಕಳೆದು ಅರ್ಧ ಮಾಡಿ. 50 ಅಂದರೆ 10, ಇದು ಸರಿಯಾಗಿಯೇ ಬರುತ್ತದೆ. 70 ಅಂದರೆ 20 (ನಿಜಕ್ಕೆ 21). 100 ದಾಟಿದ ಮೇಲೆ ಲೆಕ್ಕ ಹದಗೆಡುತ್ತದೆ. 100ಕ್ಕೆ 35 ಬರುತ್ತದೆ, ಇರುವುದು 37.8. ಒವನ್ನಿಗೆ ಈ ಲೆಕ್ಕ ಬಳಸಿದರೆ ಕೇಕು ಒಳಗೆ ಹಸಿಯಾಗಿಯೇ ಉಳಿಯುತ್ತದೆ: 350 ಫ್ಯಾರನ್‌ಹೀಟ್ ಅಂದರೆ 177, ಅಡ್ಡದಾರಿ ಹೇಳುವುದು 160.

ತಿಂಗಳು ಮೊದಲು, ತಾರೀಖು ಆಮೇಲೆ ಯಾಕೆ?

ಬಾಯಲ್ಲಿ ‘ಜುಲೈ ಎಂಟು’ ಅನ್ನುತ್ತಾರೆ, ಹಾಗೇ ಬರೆಯುತ್ತಾರೆ. ತಮಾಷೆಯೆಂದರೆ ಸ್ವಾತಂತ್ರ್ಯ ದಿನವನ್ನು ಮಾತ್ರ ‘ಫೋರ್ತ್ ಆಫ್ ಜುಲೈ’ ಎಂದು ನಮ್ಮ ಹಾಗೆ ಹೇಳುತ್ತಾರೆ. ತಾರೀಖು 12 ದಾಟಿದರೆ ಗೊಂದಲ ತಾನಾಗಿ ಬಯಲಾಗುತ್ತದೆ, ಅಪಾಯವಿರುವುದು 12ರ ಒಳಗೆ. ಫಾರಂ ತುಂಬುವಾಗ ಜಾಗವಿದ್ದರೆ ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ.

ಚಳಿಗಾಲದಲ್ಲೂ ಲೋಟದ ತುಂಬ ಐಸು. ಅವರ ಗಂಟಲು ಕಬ್ಬಿಣದ್ದಾ?

ಐಸು ಅವರಿಗೆ ಬರೀ ಚಟವಲ್ಲ, ಒಂದು ಕಾಲಕ್ಕೆ ರಫ್ತು ವ್ಯಾಪಾರ. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬಾತ ಚಳಿಗಾಲದಲ್ಲಿ ಕೆರೆಗಳು ಗಟ್ಟಿಯಾದಾಗ ಮಂಜುಗಡ್ಡೆ ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ ಹಡಗಿನಲ್ಲಿ ಕಳಿಸುತ್ತಿದ್ದ. 1833ರಲ್ಲಿ ಕಲ್ಕತ್ತಕ್ಕೆ ಹೊರಟ ಹಡಗಿನಲ್ಲಿ ತುಂಬಿದ್ದು 180 ಟನ್, ನಾಲ್ಕು ತಿಂಗಳ ಪ್ರಯಾಣದ ಮೇಲೆ ಉಳಿದದ್ದು ಸುಮಾರು 100 ಟನ್. ಮದರಾಸಿನ ಸಮುದ್ರದಂಡೆಯಲ್ಲಿ ಇದೇ ಗಡ್ಡೆಗಳಿಗಾಗಿ ‘ಐಸ್ ಹೌಸ್’ ಕಟ್ಟಿದರು. ವಿವೇಕಾನಂದರು 1897ರಲ್ಲಿ ತಂಗಿದ್ದುದು ಅದೇ ಕಟ್ಟಡದಲ್ಲಿ, ಈಗ ಅದಕ್ಕೆ ಅವರದೇ ಹೆಸರು. ಮರೀನಾ ಬೀಚಿಗೆ ಹೋದಾಗ ನೋಡಬಹುದು.

ಲೋಟದ ಮುಕ್ಕಾಲು ಐಸಾದರೆ ಪಾನಕ ಕಾಲು ಭಾಗ ತಾನೇ, ಅಂಗಡಿಯವರಿಗೆ ಲಾಭ ಅಲ್ಲವೇ ಎಂಬ ಅನುಮಾನ ಎಲ್ಲರಿಗೂ ಬರುತ್ತದೆ. ಆದರೆ ಎಷ್ಟೋ ಕಡೆ ಲೋಟ ಖಾಲಿಯಾದಷ್ಟು ಸಲ ಪುಕ್ಕಟೆಯಾಗಿ ತುಂಬಿಸುತ್ತಾರೆ. ಬೇಡವಾದರೆ ‘ನೋ ಐಸ್’ ಎಂದು ಕೇಳುವಾಗಲೇ ಹೇಳಿ. ಲೋಟ ಬಂದ ಮೇಲೆ ಹೇಳಿದರೆ ಆ ಲೋಟ ಚೆಲ್ಲಿ ಹೊಸದು ತರುತ್ತಾರೆ, ನಿಮ್ಮ ಹೊಟ್ಟೆ ಉರಿಯುತ್ತದೆ.

ಕಾಫಿ ಬಿಸಿಯಾಗಿತ್ತು ಅಂತ ಕೇಸು ಹಾಕಿ ಕೋಟಿ ಗಳಿಸಿದ ಅಜ್ಜಿಯ ಜೋಕು ನಿಜವಾ?

ಕೇಸು ನಿಜ, ಜೋಕು ಸುಳ್ಳು. ದಯವಿಟ್ಟು ಇದನ್ನು ವೇದಿಕೆಯಿಂದ ಕೈಬಿಡಿ. 1992ರಲ್ಲಿ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿಯಲ್ಲಿ 79 ವರ್ಷದ ಮಹಿಳೆಯೊಬ್ಬರು ನಿಂತ ಕಾರಿನಲ್ಲಿ ಕೂತು ಮೆಕ್‌ಡೊನಾಲ್ಡ್ಸ್ ಕಾಫಿಯ ಮುಚ್ಚಳ ತೆಗೆಯುವಾಗ ಅದು ತೊಡೆಯ ಮೇಲೆ ಚೆಲ್ಲಿತು. ಆ ಕಾಫಿಯನ್ನು ಇಡುತ್ತಿದ್ದ ಶಾಖ 82ರಿಂದ 88 ಡಿಗ್ರಿ ಸೆಲ್ಸಿಯಸ್. ಚರ್ಮದ ಆಳದವರೆಗೆ ಸುಟ್ಟು, ಎಂಟು ದಿನ ಆಸ್ಪತ್ರೆ, ಚರ್ಮದ ಕಸಿ. ಅವರು ಮೊದಲು ಕೇಳಿದ್ದು 20,000 ಡಾಲರ್, ಕಂಪನಿ ಕೊಡುತ್ತೇವೆಂದದ್ದು 800. ಕೋರ್ಟಿನಲ್ಲಿ ಹೊರಬಿದ್ದದ್ದು: ಅದಕ್ಕೂ ಮುಂಚೆ ಇಂಥ 700ರಷ್ಟು ದೂರುಗಳು ಬಂದಿದ್ದವು. 1994ರಲ್ಲಿ ಜ್ಯೂರಿ ದಂಡರೂಪವಾಗಿ 27 ಲಕ್ಷ ಡಾಲರ್ ವಿಧಿಸಿತು. ಅದು ಕಂಪನಿಯ ಸುಮಾರು ಎರಡು ದಿನದ ಕಾಫಿ ವ್ಯಾಪಾರ. ನ್ಯಾಯಾಧೀಶರು ಅದನ್ನು 4,80,000ಕ್ಕೆ ಇಳಿಸಿದರು, ಕೊನೆಗೆ ಗುಟ್ಟಾಗಿ ರಾಜಿಯಾಯಿತು.

‘ಅಮೆರಿಕನ್ನರು ಎಲ್ಲದಕ್ಕೂ ಕೋರ್ಟು ಹತ್ತುತ್ತಾರೆ’ ಎಂಬ ನಗೆಗೆ ಬೇಕಿದ್ದರೆ ಬೇರೆ ಸರಕು ಹುಡುಕಿ. ತಲೆಮಾರುಗಟ್ಟಲೆ ಗಡಿಕಲ್ಲಿನ ವ್ಯಾಜ್ಯ ನಡೆಸುವ ನಾವು ಆ ಕಡೆ ಹೋಗದಿರುವುದೇ ವಾಸಿ.

ಬಾವುಟ ಪ್ರೀತಿ ಅತಿಯಲ್ಲವಾ? ಚಡ್ಡಿಯ ಮೇಲೂ ಬಾವುಟ!

ಅವರ ಬಾವುಟ ಸಂಹಿತೆಯಲ್ಲೇ ಉಡುಪಾಗಿ ಬಳಸಬಾರದು, ಕಾಗದದ ಕರವಸ್ತ್ರದ ಮೇಲೆ ಅಚ್ಚು ಹಾಕಬಾರದು ಎಂದಿದೆ. ಜುಲೈ 4ರಂದು ಕೋಟ್ಯಂತರ ಜನ ಎರಡನ್ನೂ ಮಾಡುತ್ತಾರೆ. ಆ ಸಂಹಿತೆ ಹಿತವಚನವಷ್ಟೇ, ಅದಕ್ಕೆ ಶಿಕ್ಷೆಯಿಲ್ಲ. ಬಾವುಟ ಸುಡುವುದೂ ಅಭಿಪ್ರಾಯ ಸ್ವಾತಂತ್ರ್ಯವೆಂದು 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕು ಮತಗಳಿಂದ ಹೇಳಿತು. ನಮ್ಮಲ್ಲಿ 1971ರ ಕಾನೂನಿನಡಿ ಅವಮಾನಕ್ಕೆ ಮೂರು ವರ್ಷದವರೆಗೆ ಜೈಲು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಬಾವುಟ ಹೊಲಿಯುವ ಹೆಣ್ಣುಮಕ್ಕಳ ಕೈಯಲ್ಲಿ ಒಂದು ಹೊಲಿಗೆ ಆಚೀಚೆಯಾದರೂ ಆ ಬಟ್ಟೆ ಪಕ್ಕಕ್ಕೆ. ಹೀಗೆ ಬೆಳೆದ ಕಣ್ಣಿಗೆ ಬಾವುಟದ ಚಡ್ಡಿ ಗಾಬರಿ ಹುಟ್ಟಿಸುತ್ತದೆ. ಅವರ ಲೆಕ್ಕದಲ್ಲಿ ಅದು ಜಾತ್ರೆಯ ಪೀಪಿ ಇದ್ದ ಹಾಗೆ.

ತಮ್ಮ ದೇಶದೊಳಗೇ ಬೇಸ್‌ಬಾಲ್ ಆಡಿ ‘ವರ್ಲ್ಡ್ ಸೀರೀಸ್’ ಅನ್ನುತ್ತಾರಲ್ಲ?

1903ರಿಂದ ಹಾಗೇ ಅನ್ನುತ್ತಾರೆ. ಪತ್ರಿಕೆಯೊಂದರ ಹೆಸರಿನಿಂದ ಬಂತು ಎಂಬ ಸಮಜಾಯಿಷಿ ಸುಳ್ಳು. ಅಂದಹಾಗೆ ಕೆನಡಾದ ಟೊರಾಂಟೊ ತಂಡ 1992 ಮತ್ತು 1993ರಲ್ಲಿ ಗೆದ್ದು ಮಾನ ಸ್ವಲ್ಪ ಉಳಿಸಿತು.

ಅಮೆರಿಕನ್ನರೆಲ್ಲ ಒಂದೇ ಥರವಾ?

ಮೈಸೂರಿನ ಉಪ್ಪಿಟ್ಟು, ಧಾರವಾಡದ ಗಿರ್ಮಿಟ್ಟು, ಮಂಗಳೂರಿನ ಬನ್ಸು ಒಂದೇ ಥರವಾ? ಅವರ ಒಳಜೋಕುಗಳು ಹೊರಗಿನವರ ಜೋಕುಗಳಿಗಿಂತ ಮೊನಚು. ‘ಯಾಂಕಿ’ ಎಂಬ ಪದದ ಮೇಲೇ ಒಂದು ಹಳೆಯ ಈರುಳ್ಳಿ ಜೋಕಿದೆ: ಹೊರದೇಶದವರಿಗೆ ಯಾಂಕಿ ಅಂದರೆ ಅಮೆರಿಕನ್ನ, ದಕ್ಷಿಣದವರಿಗೆ ಉತ್ತರದವ, ಉತ್ತರದವರಿಗೆ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡಿನವ, ನ್ಯೂ ಇಂಗ್ಲೆಂಡಿನಲ್ಲಿ ಅದರೊಳಗಿನ ವರ್ಮಾಂಟ್ ರಾಜ್ಯದವ, ವರ್ಮಾಂಟಿನಲ್ಲಿ ಬೆಳಗಿನ ತಿಂಡಿಗೆ ಪೈ ತಿನ್ನುವವ.

ಮಧ್ಯಪಶ್ಚಿಮದವರ ಬಗ್ಗೆ ‘ಹೊರಡುತ್ತೇವೆ’ ಅಂದ ಮೇಲೆ ಬಾಗಿಲಲ್ಲಿ ಅರ್ಧ ಗಂಟೆ, ಕಾರಿನ ಪಕ್ಕ ಇನ್ನರ್ಧ ಗಂಟೆ ಮಾತಾಡುತ್ತಾರೆ ಎಂದು ತಮಾಷೆ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ನ್ಯೂಯಾರ್ಕಿನವರು ಒರಟು ಎಂಬುದಕ್ಕೆ ಅವರದೇ ಉತ್ತರ: ನಾವು ಬೈಯುತ್ತಾ ನಿಮ್ಮ ಟಯರು ಬದಲಿಸಿ ಕೊಡುತ್ತೇವೆ, ಕ್ಯಾಲಿಫೋರ್ನಿಯದವರು ‘ಅಯ್ಯೋ ಪಾಪ’ ಅಂದು ಮುಂದೆ ಹೋಗುತ್ತಾರೆ. ಟೆಕ್ಸಸ್ಸಿನವರು ನಮ್ಮದು ಎಲ್ಲವೂ ದೊಡ್ಡದು ಅನ್ನುತ್ತಾರೆ. ಕರ್ನಾಟಕದ ಮೂರೂವರೆ ಪಟ್ಟು ವಿಸ್ತೀರ್ಣ, ಸುಳ್ಳಲ್ಲ. ಅದಕ್ಕೆ ಅಲಾಸ್ಕದವರ ಬೆದರಿಕೆ: ಸುಮ್ಮನಿರದಿದ್ದರೆ ನಮ್ಮ ರಾಜ್ಯವನ್ನು ಎರಡು ಹೋಳು ಮಾಡುತ್ತೇವೆ, ಆಗ ನೀವು ಮೂರನೇ ಸ್ಥಾನಕ್ಕೆ. ಲೆಕ್ಕ ಹಾಕಿ ನೋಡಿ, ಸರಿಯಾಗಿದೆ.

ಎಲ್ಲರನ್ನೂ ಬರೀ ಹೆಸರಿನಿಂದ ಕರೆಯುತ್ತಾರೆ ಎಂಬುದೂ ಪೂರ್ತಿ ನಿಜವಲ್ಲ. ದಕ್ಷಿಣದಲ್ಲಿ ಮಕ್ಕಳು ‘ಸರ್’, ‘ಮ್ಯಾಮ್’ ಸೇರಿಸದೆ ಮಾತಾಡಿದರೆ ಅಜ್ಜಿಯ ಕಣ್ಣು ಕೆಂಪಾಗುತ್ತದೆ.

ಅಮೆರಿಕನ್ನರೆಂದರೆ ಇಂಥವರು ಎಂಬ ಈ ಅಚ್ಚೊತ್ತಿದ ಕಲ್ಪನೆಗಳು ಯಾವಾಗಲೂ ಹೀಗೇ ಇದ್ದವಾ?

ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕನ್ನ ಅಂದರೆ ಎಲ್ಲೆಂದರಲ್ಲಿ ಉಗಿಯುವವ. 1842ರಲ್ಲಿ ಅಲ್ಲಿ ಸುತ್ತಾಡಿದ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ತಂಬಾಕು ಜಗಿದು ಉಗಿಯುವ ಸಂಸದರನ್ನು, ಗುರಿ ತಪ್ಪುವ ಉಗುಳನ್ನು ಕಂಡು ಹೌಹಾರಿ ಬರೆದ. ಇವತ್ತಿನ ಜೋಕಿನಲ್ಲಿ ಅದೇ ಜನ ಕೈಗೆ ಹಚ್ಚುವ ಸ್ಯಾನಿಟೈಸರ್ ಇಲ್ಲದೆ ಮನೆ ಬಿಡದವರು. ಎಲೆ ಅಡಿಕೆಯ ನಾಡಿನವರು ಇದನ್ನು ಗಮನವಿಟ್ಟು ಓದಬೇಕು.

ಕನ್ನಡ ಕೂಟದ ವೇದಿಕೆಗೆ ಮೂರು ನಿಮಿಷದ ಹಾಸ್ಯ ಬರೆಯುವುದು ಹೇಗೆ?

ಮೂರು ನಿಮಿಷ ಅಂದರೆ ನಗೆಗೆ ಬಿಡುವ ಜಾಗ ಸೇರಿ ಸುಮಾರು 250 ಪದ. ವಿಷಯ ಒಂದೇ ಇರಲಿ. ಟಿಪ್ಸ್, ಐಸು, ಮೈಲಿ ಮೂರನ್ನೂ ತುರುಕಿದರೆ ಪಟ್ಟಿಯಾಗುತ್ತದೆ.

ಮೊದಲು ‘ಅಮೆರಿಕನ್ನರು’ ಎಂಬ ಪದ ತೆಗೆದು ‘ಪಕ್ಕದ ಬೀದಿಯವರು’ ಎಂದು ಹಾಕಿ ಓದಿ. ಜೋಕು ಹಾಗೇ ನಡೆದರೆ ಅದರಲ್ಲಿ ಅಮೆರಿಕ ಇಲ್ಲ, ಬಿಡಿ. ‘ಅವರು ದಡ್ಡರು, ಜಿಪುಣರು, ಜಂಬದವರು’ ಬಗೆಯವೆಲ್ಲ ಇಲ್ಲೇ ಬಿದ್ದುಹೋಗುತ್ತವೆ. 2.13 ಡಾಲರಿನ ಜೋಕು ಬೀಳುವುದಿಲ್ಲ, ಯಾಕೆಂದರೆ ಆ ಅಂಕಿ ಬೇರೆ ಬೀದಿಯಲ್ಲಿಲ್ಲ.

ಆಮೇಲೆ ಅಳತೆಗಳನ್ನು ಮುಂಚೆಯೇ ನಮ್ಮದಕ್ಕೆ ತಂದುಕೊಳ್ಳಿ. ಹೆಚ್ಚಿನ ಕಡೆ ‘ಸ್ಮಾಲ್’ ಕಾಫಿ 12 ಔನ್ಸು, ಅಂದರೆ 355 ಮಿ.ಲೀ., ನಮ್ಮ ಹೋಟೆಲಿನ ಲೋಟದಲ್ಲಿ ಮೂರಕ್ಕೂ ಹೆಚ್ಚು. ‘ಔನ್ಸು’ ಎಂದು ಹೇಳಿ, ಜನ ಮುಖ ಮುಖ ನೋಡಿದ ಮೇಲೆ ವಿವರಿಸಿದರೆ ನಗು ಸತ್ತಿರುತ್ತದೆ.

ಮುಖ್ಯ ಸಮಸ್ಯೆ ವಾಕ್ಯದ ಬಾಲ. ಇಂಗ್ಲಿಷಿನಲ್ಲಿ ನಗಿಸುವ ಪದ ಕೊನೆಗೆ ಬೀಳುತ್ತದೆ. ಕನ್ನಡಕ್ಕೆ ತಂದಾಗ ಕ್ರಿಯಾಪದ ಬಂದು ಅದರ ಮೇಲೆ ಕೂರುತ್ತದೆ. ‘ಸ್ಮಾಲ್ ಕಾಫಿ ಕೇಳಿದ್ದಕ್ಕೆ ಬಕೆಟ್ಟು ತಂದು ಕೊಟ್ಟರು’ ಅಂದರೆ ಬಕೆಟ್ಟು ನಡುವೆ ಹುದುಗಿಹೋಯಿತು, ಜನ ‘ಕೊಟ್ಟರು’ ಮುಗಿಯಲಿ ಎಂದು ಕಾಯುತ್ತಾರೆ. ‘ಕೇಳಿದ್ದು ಸ್ಮಾಲ್ ಕಾಫಿ, ಬಂದದ್ದು ಬಕೆಟ್ಟು’ ಅನ್ನಿ. ಇಲ್ಲವಾದರೆ ಕ್ರಿಯಾಪದದಲ್ಲೇ ಚೇಷ್ಟೆ ಇಡಿ: ‘ಸ್ಮಾಲ್ ಕಾಫಿ ಕೊಟ್ಟರು, ಕುಡಿಯಲಿಲ್ಲ, ಈಜಿದೆ.’

ಕೊನೆಯಲ್ಲಿ ನಮ್ಮ ಕಡೆಗೊಂದು ತಿರುವು ಇರಲಿ. ಸಭೆಯಲ್ಲಿರುವ ಮಕ್ಕಳು ಅಲ್ಲೇ ಹುಟ್ಟಿದವರು. ಅವರ ಪಾಲಿಗೆ ‘ಅವರು’ ಯಾರು, ‘ನಾವು’ ಯಾರು ಎಂಬುದು ತಿರುವುಮುರುವು. ಥರ್ಟಿ ಫಾರ್ಟಿ ಸೈಟಿನ ಮಾತಿಗೆ ಅಪ್ಪಂದಿರಿಗಿಂತ ಜೋರಾಗಿ ನಗುವವರು ಅವರೇ.

ಯಾವುದನ್ನು ಮುಟ್ಟಬಾರದು?

ಶಾಲೆಗಳಲ್ಲಿ ನಡೆದ ಗುಂಡಿನ ದಾಳಿ, ಬಣ್ಣ, ಜನರ ದಪ್ಪ. ಮೊದಲನೆಯದು ಸಭೆಯಲ್ಲಿರುವ ತಾಯಂದಿರ ದಿನನಿತ್ಯದ ಭಯ, ಅವರ ಮಕ್ಕಳು ಶಾಲೆಯಲ್ಲಿ ಬಾಗಿಲು ಹಾಕಿ ಅಡಗಿ ಕೂರುವ ತಾಲೀಮು ಮಾಡುತ್ತಾರೆ. ಉಚ್ಚಾರಣೆಯ ಅಣಕವೂ ಬೇಡ. ‘ವಾಟರ್’ ಎಂಬುದನ್ನು ‘ವಾಡರ್’ ಎಂದು ಎಳೆದರೆ ಮೊದಲ ಸಲ ನಗುತ್ತಾರೆ, ಮೂರನೇ ಸಲಕ್ಕೆ ನಿಮ್ಮ ‘ವಿ’ ಮತ್ತು ‘ಡಬ್ಲ್ಯು’ ಕಡೆಗೆ ಕಿವಿ ಹೋಗುತ್ತದೆ.

ಅವರು ನಮ್ಮ ಬಗ್ಗೆ ಏನಂತ ನಗುತ್ತಾರೆ?

ತಲೆಯಾಡಿಸಿದ್ದು ಹೌದೋ ಅಲ್ಲವೋ ಗೊತ್ತಾಗದು, ‘ಡೂ ದ ನೀಡ್‌ಫುಲ್’ ಅಂದರೆ ಏನು ಮಾಡಬೇಕೋ ಗೊತ್ತಾಗದು, ಸ್ಪೆಲ್ಲಿಂಗ್ ಸ್ಪರ್ಧೆ ಗೆಲ್ಲುವ ಮಕ್ಕಳು ಸಾಲದ್ದಕ್ಕೆ. ಮೂರರಲ್ಲಿ ಒಂದನ್ನೂ ಅಲ್ಲಗಳೆಯುವ ಹಾಗಿಲ್ಲ.

ಕೊನೆಯದು, ಸ್ವಲ್ಪ ಸಂಕೋಚದ್ದು: ನೀರಿಲ್ಲದ ಕಕ್ಕಸು. ಊರಿಂದ ಜೆಟ್ ಸ್ಪ್ರೇ ಒಯ್ಯಬಹುದಾ?

2020ರ ಮಾರ್ಚಿನಲ್ಲಿ ಟಿಶ್ಯೂ ಸುರುಳಿಗಾಗಿ ಅಂಗಡಿಗಳು ಬರಿದಾದಾಗ ಅವರಲ್ಲೂ ಬಹಳ ಜನ ನೀರಿನ ಕಡೆ ತಿರುಗಿದರು, ಹಾಗಾಗಿ ಈಗ ಸಂಕೋಚ ಬೇಡ. ಆದರೆ ಊರಿಂದ ಒಯ್ಯಬೇಡಿ. ನಮ್ಮ ಕೊಳವೆಯದೂ ಅವರದೂ ಅರ್ಧ ಇಂಚಿನ ತಿರುಪೇ, ಒಂದು ಇಂಚಿಗೆ 14 ಸುತ್ತೇ. ಆದರೆ ನಮ್ಮಲ್ಲಿ ಸುತ್ತಿನ ಕೋನ 55 ಡಿಗ್ರಿ, ಅವರಲ್ಲಿ 60. ಕೂತ ಹಾಗೆ ಕೂತು ಸಣ್ಣಗೆ ತೊಟ್ಟಿಕ್ಕುತ್ತದೆ. ಅಲ್ಲಿನ ಮನೆಗಳಲ್ಲಿ ಬಚ್ಚಲ ನೆಲಕ್ಕೆ ನೀರು ಹೋಗುವ ಕಂಡಿ ಸಾಮಾನ್ಯವಾಗಿ ಇರುವುದಿಲ್ಲ, ಕೆಳಗಿನ ಮನೆಯವರ ಚಾವಣಿ ಒದ್ದೆಯಾಗುತ್ತದೆ. ಅಲ್ಲಿಯೇ ಸಿಗುವ ಸ್ಪ್ರೇ ಕೊಳ್ಳಿ, ಅದರ ಜೊತೆ ‘ಟಿ’ ಆಕಾರದ ಕವಲು ಬರುತ್ತದೆ. ಗೋಡೆಯ ಕೊಳಾಯಿ ಮುಚ್ಚಿ, ಒಮ್ಮೆ ಫ್ಲಶ್ ಮಾಡಿ ತೊಟ್ಟಿ ಖಾಲಿ ಮಾಡಿ, ತೊಟ್ಟಿಯ ಅಡಿಯ ಕೊಳವೆ ಬಿಚ್ಚಿ ನಡುವೆ ಕವಲು ಕೂರಿಸಿ. ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲೇ ಬಿಗಿ ಮಾಡಿ, ಸ್ಪ್ಯಾನರ್ ಹಾಕಿದರೆ ಸೀಳುತ್ತದೆ. ಬಳಸಿದ ಮೇಲೆ ಪ್ರತಿ ಸಲ ಕವಲಿನ ತಿರುಪು ಮುಚ್ಚಿ. ಸ್ಪ್ರೇಯ ಗುಂಡಿಯನ್ನೇ ನಂಬಿ ತೆರೆದು ಬಿಟ್ಟರೆ ಒತ್ತಡಕ್ಕೆ ಒಂದು ದಿನ ಕೊಳವೆ ಬಿರಿಯುತ್ತದೆ, ಅದೂ ಮನೆಮಂದಿಯೆಲ್ಲ ನಯಾಗರ ನೋಡಲು ಹೋದಾಗ.